ಸೆರೆಮನೆಯಲ್ಲಿ ಮುಸಲ್ಮಾನ ಬಂದಿಗಳ ವ್ರತಾಚರಣೆ

ಘಾಟಿ ಸುಬ್ರಹ್ಮಣ್ಯದ ಬ್ರಹ್ಮರಥೋತ್ಸವವು ಪುಷ್ಯ ಶುದ್ಧ ಷಷ್ಠಿಯಂದು ನಡೆಯುವುದೆಂಬುದು ವಾಚಕರಿಗೆ ವಿದಿತವೇ ಆಗಿದೆ. ಚಾಂದ್ರಮಾನದ ವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆಯಾದರೂ ಅಧಿಕಮಾಸವು ಆ ಕೊರತೆಯನ್ನು ತುಂಬುವುದರಿಂದ ಈ ತೇರು ಯಾವಾಗಲೂ ಚಳಿಗಾಲದಲ್ಲಿಯೇ ಬರುತ್ತದೆ. ಮುಸಲ್ಮಾನರ ಹಿಜರಿ ಪಂಚಾಂಗದಲ್ಲಿ ಅಧಿಕಮಾಸವಿಲ್ಲ. ಆದುದರಿಂದ ರಂಜಾನ್ ತಿಂಗಳು ವರ್ಷವರ್ಷವೂ ಹಿಂದಕ್ಕೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಮನೆಯಲ್ಲಿರುವವನಿಗೆ ಇದು ತೊಡಕಲ್ಲ. ಸೆರೆಯಲ್ಲಿರುವವನಿಗೆ ಇದೇ ಮುಖ್ಯವಾದ ತೊಡಕು.

ಹೇಗೆಂದರೆ, ರೋಜಾ ಹಿಡಿದವನು ಅರುಣೋದಯಕ್ಕೆ ಮುಂಚೆ ಸಹರಿಯ ಊಟವನ್ನು ಮುಗಿಸಿ, ಸೂರ್ಯಾಸ್ತವಾದ ಮೇಲೆ ಇಫ್ತಾರ್ ಮಾಡತಕ್ಕದ್ದು. ನಡುವೆ ನೀರನ್ನೂ ಮುಟ್ಟಲಾಗದು. ಬೆಂಗಳೂರಿನ ಸೀಮೆಯಲ್ಲಿ ಸೂರ್ಯಾಸ್ತವು ನವೆಂಬರಿನಲ್ಲಿ 6 ಗಂಟೆಗೆ ಮುಂಚೆಯೂ, ಜುಲೈ ಆದಿಯಲ್ಲಿ 6-50ರ ಸುಮಾರಿಗೂ ಆಗುತ್ತದೆ. ಸೆರೆಮನೆಯ ಗಡಿಯಾರವಾದರೋ ಬೇರೆ. ಸಂಜೆಯೂಟವನ್ನು ಹೊತ್ತಿರುವಾಗಲೇ ಬಡಿಸಿ, ಬಂದಿಗಳನ್ನು ಎಣಿಸಿ, ಕೋಣೆಗಳಿಗೆ ಬೀಗ ಹಾಕಿ, ಬೆಳಗಾದ ಮೇಲೆ ತೆಗೆಯುವುದು ರೂಢಿ. ಯಾರೂ ವ್ರತವನ್ನು ನಿಷೇಧಿಸಬೇಕಾಗಿಲ್ಲ. ಏರ್ಪಾಡು ಮಾಡದೆ ಸುಮ್ಮನಿದ್ದರೆ ಸಾಕು, ಒಂದೋ ವ್ರತ ಕೆಡುತ್ತದೆ, ಇಲ್ಲವೆ ವ್ರತಿಯು ನಿರಾಹಾರನಾಗುತ್ತಾನೆ.

ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಒಳಪಟ್ಟು ಧರ್ಮಾಚರಣೆಯ ಸ್ವಾತಂತ್ರ್ಯವನ್ನು ಭಾರತ ಸಂವಿಧಾನದ 25ನೆಯ ಅನುಚ್ಛೇದವು ಎಲ್ಲರಿಗೂ ಕೊಡುತ್ತದೆ. ಸೆರೆಗೆ ಹೋದವನು ಮೂಲಭೂತ ಹಕ್ಕುಗಳನ್ನೆಲ್ಲ ಕಳೆದುಕೊಳ್ಳುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1978ರ ಸುನೀಲ್ ಬಾತ್ರಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ಮಂಡೇಲಾ ನಿಯಮಗಳಲ್ಲಿ 65 ಮತ್ತು 66ನೆಯವು ಧರ್ಮೋಪದೇಶಕನ ಭೇಟಿ, ಧರ್ಮಗ್ರಂಥ, ಸಾಧ್ಯವಾದಮಟ್ಟಿಗೆ ಆಚರಣೆ ಇವುಗಳಿಗೆ ಅವಕಾಶವೀಯುತ್ತವೆ. ಉಪದೇಶಕನು ಬೇಡವೆಂಬ ಬಂದಿಯ ಇಷ್ಟವನ್ನೂ ಮನ್ನಿಸುತ್ತವೆ.

ಕಾವಲಿನ ಆಕ್ಷೇಪವನ್ನು ಅಲಕ್ಷಿಸುವಂತಿಲ್ಲ. ಆದರೆ ಅದು ಪರೀಕ್ಷೆಗೆ ನಿಲ್ಲಬೇಕು. ಗಡ್ಡದಲ್ಲಿ ವಸ್ತುಗಳನ್ನು ಬಚ್ಚಿಡಬಹುದೆಂದು ಅಮೆರಿಕದ ಅರ್ಕನ್ಸಾ ಸಂಸ್ಥಾನದ ಸೆರೆಮನೆಯವರು ಮುಸಲ್ಮಾನ ಬಂದಿಯೊಬ್ಬನ ಅರ್ಧ ಅಂಗುಲದ ಗಡ್ಡಕ್ಕೆ ಅಡ್ಡಿಮಾಡಿದರು. ತಲೆಗೂದಲನ್ನೂ ಬಟ್ಟೆಯನ್ನೂ ಶೋಧಿಸಬಲ್ಲವರು ಗಡ್ಡವನ್ನೂ ಶೋಧಿಸಬಹುದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ಏಕಮತದಿಂದ ತೀರ್ಮಾನಿಸಿತು.

ಘಾಟಿಯಿರುವ ಜಿಲ್ಲೆಯಲ್ಲಿಯೇ, ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ, ಬಂದಿಗಳು ಬೇಸಾಯ ಮಾಡುವ ಬಯಲು ಸೆರೆಮನೆಯುಂಟು. ಇಂಥ ಕಡೆಯಲ್ಲಿಯೂ ದುಡಿಮೆಯ ಹೊತ್ತು ಅಧಿಕಾರಿಗಳ ಕೈಯಲ್ಲಿದೆ. ಬೇಸಗೆಯ ರೋಜಾದಲ್ಲಿ ಹೊಲದ ಕೆಲಸವನ್ನು ಬೆಳಗಿನ ತಂಪಿಗೆ ಹೊಂದಿಸುವುದು, ಮುಚ್ಚಿದ ಸೆರೆಮನೆಯಲ್ಲಿ ಬೀಗ ಬೀಳುವ ಮುನ್ನ ಇಫ್ತಾರಿನ ಆಹಾರವನ್ನು ಕೋಣೆಗೆ ತಲುಪಿಸುವುದು, ಸಹರಿಗಾಗಿ ಅಡಿಗೆಮನೆಯನ್ನು ಬೇಗ ತೆರೆಯುವುದು, ಇವು ದೊಡ್ಡ ವೆಚ್ಚದ ಕಾರ್ಯಗಳಲ್ಲ. ಇವನ್ನು ದಯೆಯೆಂದು ಭಾವಿಸಲಾಗದು. ಬಂದಿಯ ಹೊತ್ತನ್ನು ತನ್ನ ವಶಕ್ಕೆ ತೆಗೆದುಕೊಂಡ ಸರ್ಕಾರವೇ ಅವನ ವ್ರತಕ್ಕೆ ಬೇಕಾದ ಹೊತ್ತನ್ನು ಒದಗಿಸತಕ್ಕದ್ದು.