ಕಲ್ಲೆಂದು ಕಾಲಿಟ್ಟೀರಿ, ಎಚ್ಚರ!

ಹವಳ ದಿಬ್ಬದ ತಳದಲ್ಲಿ ಪಾಚಿಗಟ್ಟಿದ ಕಲ್ಲೊಂದು ಬಿದ್ದಿದೆ. ಗಂಟೆಗಟ್ಟಲೆ ಅಲುಗಾಟವಿಲ್ಲ. ಪುಟ್ಟ ಮೀನೊಂದು ನಿಶ್ಚಿಂತೆಯಿಂದ ಅದರ ಮುಂದೆ ಹಾಯುತ್ತದೆ. ಮರುಕ್ಷಣವೇ ಮೀನು ಮಾಯ! ಕಲ್ಲು ಮಾತ್ರ ಇದ್ದಲ್ಲಿಯೇ ಇದೆ. ಆ 'ಕಲ್ಲೇ' ಸ್ಟೋನ್‌ಫಿಶ್, ಅರ್ಥಾತ್ ಕಲ್ಲುಮೀನು. ಜಗತ್ತಿನ ಅತ್ಯಂತ ವಿಷಕಾರಿ ಮೀನುಗಳ ಸಾಲಿನಲ್ಲಿ ಇದಕ್ಕೆ ಅಗ್ರಸ್ಥಾನ.

ಸಿನಾನ್ಸಿಯಾ ವೆರುಕೋಸಾ ಎಂಬುದು ಇದರ ವೈಜ್ಞಾನಿಕ ನಾಮ. ಮೈತುಂಬ ನರುಲಿಗಳಿರುವುದರಿಂದಲೇ ಈ ಹೆಸರು. ಸುಮಾರು 40 ಸೆಂ.ಮೀ.ವರೆಗೆ ಬೆಳೆಯುವ ಈ ಮೀನಿನ ನೆಲೆ ಕೆಂಪು ಸಮುದ್ರದಿಂದ ಫ್ರೆಂಚ್ ಪಾಲಿನೇಷ್ಯಾದವರೆಗೆ ಹಬ್ಬಿದೆ. ಭಾರತದ ಅಂಡಮಾನ್ ಮತ್ತು ಲಕ್ಷದ್ವೀಪಗಳೂ ಈ ವ್ಯಾಪ್ತಿಗೆ ಸೇರಿವೆ. ಈಜುವುದರಲ್ಲಿ ಇದು ಮಹಾ ಸೋಮಾರಿ. ಆದರೆ ಸನಿಹ ಬಂದ ಮೀನು, ಸಿಗಡಿಗಳನ್ನು ನೀರಿನ ಸಮೇತ ಹೀರಿ ನುಂಗಲು ಇದಕ್ಕೆ ಸೆಕೆಂಡಿನ ನೂರರಲ್ಲಿ ಒಂದೆರಡು ಭಾಗದಷ್ಟು ಸಮಯ ಸಾಕು.

ಅಚ್ಚರಿಯೆಂದರೆ, ಬೇಟೆಗೆ ಇದು ವಿಷವನ್ನು ಬಳಸುವುದೇ ಇಲ್ಲ. ವಿಷವಿರುವುದು ಕೇವಲ ಆತ್ಮರಕ್ಷಣೆಗೆ. ಬೆನ್ನಿನ ಮೇಲಿನ 13 ಮುಳ್ಳುಗಳ ಇಕ್ಕೆಲಗಳಲ್ಲೂ ವಿಷಗ್ರಂಥಿಗಳಿವೆ. ಮುಳ್ಳಿನ ಮೇಲೆ ಒತ್ತಡ ಬಿದ್ದಾಗ ಮಾತ್ರ ವಿಷ ಹೊರಚಿಮ್ಮುತ್ತದೆ. ಹೀಗಾಗಿ ಮೀನು ತಾನಾಗಿ ಬಂದು ಯಾರನ್ನೂ ಚುಚ್ಚುವುದಿಲ್ಲ. ಅರಿಯದೆ ತುಳಿದವರೇ ಅಪಾಯಕ್ಕೆ ಸಿಲುಕುತ್ತಾರೆ. ನೀರಿನಿಂದ ಹೊರಗೂ ಹಲವು ಗಂಟೆ ಬದುಕಬಲ್ಲ ಮೀನಿದು. ಆದ್ದರಿಂದ ಇಳಿತದ ವೇಳೆ ಬಯಲಾದ ದಿಬ್ಬದ ಮೇಲೆ ನಡೆಯುವವರಿಗೂ ಅಪಾಯ ತಪ್ಪಿದ್ದಲ್ಲ.

ಚುಚ್ಚಿದೊಡನೆ ಅಸಹನೀಯ ನೋವು, ಬಾವು ಕಾಣಿಸಿಕೊಳ್ಳುತ್ತವೆ. ವಿಷ ಹೆಚ್ಚಾಗಿದ್ದರೆ ರಕ್ತದೊತ್ತಡ ಕುಸಿದು, ಹೃದಯ ಮತ್ತು ಉಸಿರಾಟಕ್ಕೆ ತೊಂದರೆಯಾಗಬಹುದು. ಆದರೆ ಈ ಭಯಂಕರ ವಿಷಕ್ಕೂ ಒಂದು ದೌರ್ಬಲ್ಯವಿದೆ. ಅದು ಪ್ರೋಟೀನ್ ಆದುದರಿಂದ ಶಾಖಕ್ಕೆ ಕೆಡುತ್ತದೆ. ಗಾಯವಾದ ಭಾಗವನ್ನು ಸಹಿಸಬಲ್ಲಷ್ಟು ಬಿಸಿಯಾದ, 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ 30ರಿಂದ 90 ನಿಮಿಷ ಮುಳುಗಿಸಿಡುವುದೇ ಪ್ರಥಮ ಚಿಕಿತ್ಸೆ. ನೀರಿನ ಬಿಸಿಯನ್ನು ಗಾಯವಾಗದ ಕೈಯಿಂದ ಮೊದಲು ಪರೀಕ್ಷಿಸಬೇಕು. ಹಾವಿನ ಕಡಿತಕ್ಕೆ ಕಟ್ಟುವಂತೆ ಬಿಗಿಯಾಗಿ ಕಟ್ಟುವುದು ಸಲ್ಲದು. ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಈ ಮೀನಿನ ವಿಷಕ್ಕೆ ಪ್ರತಿವಿಷವೂ ಇದೆ. 1959ರಲ್ಲಿ ಆಸ್ಟ್ರೇಲಿಯಾದಲ್ಲಿ ಸಾಲ್ ವೀನರ್ ಕುದುರೆಗಳ ನೆರವಿನಿಂದ ಅದನ್ನು ಸಿದ್ಧಪಡಿಸಿದರು. ಆದರೆ ಪ್ರವಾಸಿ ದ್ವೀಪಗಳಲ್ಲೆಲ್ಲ ಅದು ಕೈಗೆಟುಕುತ್ತದೆಂದು ನಂಬಿ ಕೂರುವಂತಿಲ್ಲ. ದಪ್ಪ ಅಟ್ಟೆಯ ಪಾದರಕ್ಷೆ ಧರಿಸುವುದು, ತಳದ ಕಲ್ಲುಗಳನ್ನು ಮುಟ್ಟದಿರುವುದು, ಹವಳದ ಮೇಲೆ ಕಾಲಿಡದಿರುವುದು ಲೇಸು. ಇದರಿಂದ ಕಾಲೂ ಉಳಿಯುತ್ತದೆ, ಹವಳವೂ ಉಳಿಯುತ್ತದೆ.