ವೆಬ್‌ಸೈಟ್ ಹೆಸರಿನ ಬಾಡಿಗೆಗೆ ಮಿತಿಯೇ ಇಲ್ಲದಿದ್ದರೆ?

ಕಾರ್ಲ್‌ಸ್ಟಾಡ್ : ನಮ್ಮ ನಡುವೆ ಅಂತರಜಾಲದಲ್ಲಿ ಅಂಗಡಿ ತೆರೆದವರಿದ್ದಾರೆ, ತೆರೆಯುವ ಯೋಚನೆಯಲ್ಲಿರುವವರೂ ಇದ್ದಾರೆ. ವೆನೆರ್ನ್ ಸರೋವರದ ದಡದ ಈ ಪುಟ್ಟ ಊರಿನಲ್ಲಿ ಮಳಿಗೆ ಹಿಡಿದು ಸಾರಿನ ಪುಡಿ, ಬ್ಯಾಡಗಿ ಮೆಣಸಿನಕಾಯಿ, ಇಳಕಲ್ ಸೀರೆ ಮಾರಿದರೆ ಗಿಟ್ಟುವುದು ಕಷ್ಟ. ಗಿರಾಕಿಗಳು ಸ್ಟಾಕ್‌ಹೋಮ್, ಗೋಥೆನ್‌ಬರ್ಗ್, ಓಸ್ಲೋಗಳಲ್ಲಿ ಚದುರಿದ್ದಾರೆ. ಹಾಗಾಗಿ ವೆಬ್‌ಸೈಟೇ ಅಂಗಡಿ, ಅದರ ಹೆಸರೇ ಬೋರ್ಡು. ದುಡ್ಡು ಕೊಟ್ಟು ಪಡೆದ ಮೇಲೆ ಆ ಹೆಸರು ಸ್ವಂತದ್ದಾಯಿತೆಂದು ನಾವು ತಿಳಿಯುತ್ತೇವೆ. ನಿಜಕ್ಕೂ ಅದು ಅವಧಿ ಮುಗಿದಾಗಲೆಲ್ಲ ನವೀಕರಿಸಬೇಕಾದ ಬಾಡಿಗೆ ಮನೆ.

ಈ ವ್ಯವಹಾರದಲ್ಲಿ ಇಬ್ಬರಿದ್ದಾರೆ. ನಮಗೆ ಹೆಸರು ಮಾರುವ ರಿಜಿಸ್ಟ್ರಾರ್ ಚಿಲ್ಲರೆ ಅಂಗಡಿ. ಡಾಟ್ ಕಾಮ್, ಡಾಟ್ ಆರ್ಗ್ ಮುಂತಾದ ಬಾಲಂಗೋಚಿಯನ್ನು ನೋಡಿಕೊಳ್ಳುವ ರಿಜಿಸ್ಟ್ರಿ ಸಗಟು ವ್ಯಾಪಾರಿ. ಚಿಲ್ಲರೆಯವನು ಸರಿಯಿಲ್ಲವೆಂದರೆ ಬೇರೊಬ್ಬನ ಹತ್ತಿರ ಹೋಗಬಹುದು. ಸಗಟು ವ್ಯಾಪಾರಿ ಮಾತ್ರ ಪ್ರತಿ ಬಾಲಂಗೋಚಿಗೂ ಒಬ್ಬನೇ.

ಡಾಟ್ ಕಾಮ್ ಬೆಲೆಗೆ ಒಪ್ಪಂದದಲ್ಲೇ ಕಡಿವಾಣವಿದೆ. 2021ರವರೆಗೆ 7.85 ಡಾಲರ್ ಇದ್ದ ಸಗಟು ದರ ಮಿತಿಯೊಳಗೇ ನಾಲ್ಕು ಸಲ ಏರಿ, 2024ರ ಸೆಪ್ಟೆಂಬರ್‌ನಲ್ಲಿ 10.26 ಡಾಲರ್ ಆಯಿತು. ಡಾಟ್ ಆರ್ಗ್‌ಗೂ ಮೊದಲು ವರ್ಷಕ್ಕೆ ಶೇಕಡಾ 10ರ ಮಿತಿ ಇತ್ತು. ಹೆಸರುಗಳ ಉಸ್ತುವಾರಿ ಹೊತ್ತ ಐಕ್ಯಾನ್ ಸಂಸ್ಥೆ ಡಾಟ್ ಆರ್ಗ್, ಡಾಟ್ ಇನ್ಫೋ, ಡಾಟ್ ಬಿಜ್‌ಗಳಿಗಿದ್ದ ಮಿತಿಯನ್ನು 2019ರಲ್ಲಿ ತೆಗೆದುಹಾಕಿತು. ಸಾರ್ವಜನಿಕರಿಂದ ಮೂರು ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳು ಬಂದಿದ್ದವು, ಬಹುಪಾಲು ವಿರೋಧವೇ. ಕೇಳಿದ್ದು ಯಾತಕ್ಕೋ!

ಅದೇ ವರ್ಷದ ನವೆಂಬರ್‌ನಲ್ಲಿ ಡಾಟ್ ಆರ್ಗ್ ನಡೆಸುವ ಲಾಭರಹಿತ ಸಂಸ್ಥೆಯನ್ನೇ ಈಥೋಸ್ ಕ್ಯಾಪಿಟಲ್ ಎಂಬ ಹೂಡಿಕೆ ಕಂಪನಿಗೆ 113 ಕೋಟಿ ಡಾಲರ್‌ಗೂ ಮಿಕ್ಕಿದ ಮೊತ್ತಕ್ಕೆ ಮಾರುವ ಮಾತು ಹೊರಬಿತ್ತು. ಗದ್ದಲವೆದ್ದು, 2020ರ ಏಪ್ರಿಲ್ 30ರಂದು ಐಕ್ಯಾನ್ ಒಪ್ಪಿಗೆ ನಿರಾಕರಿಸಿತು. ನೇಮ್‌ಚೀಪ್ ಎಂಬ ರಿಜಿಸ್ಟ್ರಾರ್ ಹೂಡಿದ ದೂರಿನಲ್ಲಿ, ಮಿತಿ ತೆಗೆದ ರೀತಿ ಐಕ್ಯಾನ್‌ನ ಸ್ವಂತ ನಿಯಮಗಳಿಗೇ ವಿರುದ್ಧವೆಂದು 2022ರ ಡಿಸೆಂಬರ್‌ನಲ್ಲಿ ಸ್ವತಂತ್ರ ಮಂಡಳಿ ಹೇಳಿತು. ಆ ತೀರ್ಪಿನಿಂದ ಮಿತಿ ಮಾತ್ರ ಮರಳಲಿಲ್ಲ. ಡಾಟ್ ಆರ್ಗ್ ದರ ಗಗನಕ್ಕೇನೂ ಏರಲಿಲ್ಲ, ಅದು ನಡೆಸುವವರ ಸಂಯಮ. ಪರದೇಶದ ಕನ್ನಡ ಸಂಘಗಳಲ್ಲೂ ಅನೇಕವು ಡಾಟ್ ಆರ್ಗ್‌ನಲ್ಲೇ ಇರುವುದರಿಂದ ಇದು ನಮಗೂ ತಟ್ಟುವ ಸಂಗತಿ.

ಸಂಯಮವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ 2017ರ ಉದಾಹರಣೆಯಿದೆ. ಯೂನಿರಿಜಿಸ್ಟ್ರಿ ಎಂಬ ಕಂಪನಿ ತನ್ನ ಕೆಲವು ಹೊಸ ಬಾಲಂಗೋಚಿಗಳ ದರವನ್ನು ಹಲವು ಪಟ್ಟು ಏರಿಸುವುದಾಗಿ ಪ್ರಕಟಿಸಿತು. ದೊಡ್ಡ ರಿಜಿಸ್ಟ್ರಾರ್ ಗೋಡ್ಯಾಡಿ ಅವನ್ನು ಮಾರುವುದನ್ನೇ ನಿಲ್ಲಿಸಿತು.

"ಹತ್ತು ಡಾಲರ್ ಇಪ್ಪತ್ತಾದರೆ ಮನೆ ಮುಳುಗುತ್ತದೆಯೇ?" ಎನ್ನಬಹುದು. ಒಂದೇ ಹೆಸರಿದ್ದವರಿಗೆ ಮುಳುಗುವುದಿಲ್ಲ. ಆದರೆ ತೊಂದರೆ ಇರುವುದು ಬಿಟ್ಟು ಹೋಗಲಾಗದ ಸ್ಥಿತಿಯಲ್ಲಿ. ಐದಾರು ವರ್ಷ ಕಷ್ಟಪಟ್ಟ ಮೇಲೆ ಆ ಹೆಸರು ಪೊಟ್ಟಣದ ಮೇಲಿದೆ, ಗಿರಾಕಿಯ ಬಾಯಲ್ಲಿದೆ, ಗೂಗಲ್ ಹುಡುಕಾಟದಲ್ಲಿದೆ. ಬ್ಯಾಂಕು, ತೆರಿಗೆಯವರ ಪತ್ರಗಳೂ ಅದೇ ಹೆಸರಿನ ಇಮೇಲ್‌ಗೆ ಬರುತ್ತವೆ. ಹೆಸರು ಬಿಟ್ಟರೆ ಬೇರೊಬ್ಬ ಅದನ್ನು ಕೊಂಡು ನಮ್ಮ ಗಿರಾಕಿಗಳನ್ನೇ ಬರಮಾಡಿಕೊಳ್ಳಬಹುದು. ಹಾಗಾಗಿ ಹೊಸಬನಿಗಿಂತ ಬೇರೂರಿದವನೇ ಹೆಚ್ಚು ಸಿಕ್ಕಿಬೀಳುತ್ತಾನೆ. ಸಾಮಾನ್ಯ ಹೆಸರುಗಳ ನವೀಕರಣದಲ್ಲಿ ಒಬ್ಬನಿಗೊಂದು, ಇನ್ನೊಬ್ಬನಿಗೊಂದು ದರ ಹಾಕದಂತೆ ಒಪ್ಪಂದಗಳು ತಡೆಯುತ್ತವೆ. "ಪ್ರೀಮಿಯಂ" ಎಂದು ಮಾರುವ ಹೆಸರುಗಳಿಗೆ ಈ ರಕ್ಷಣೆ ಇರುವುದಿಲ್ಲ, ಎಚ್ಚರ.

ಸ್ವೀಡನ್ನಿನ ಡಾಟ್ ಎಸ್‌ಇಗೆ ಐಕ್ಯಾನ್‌ನ ಬೆಲೆಮಿತಿ ಅನ್ವಯಿಸುವುದಿಲ್ಲ. ಆದರೆ ಅದನ್ನು ನಡೆಸುವ ಇಂಟರ್ನೆಟ್‌ಸ್ಟಿಫ್ಟೆಲ್ಸೆನ್ ಲಾಭಕ್ಕಾಗಿ ಇರುವ ಸಂಸ್ಥೆಯಲ್ಲ, ಅದಕ್ಕೆ 2006ರ ಕಾಯಿದೆಯೂ ಇದೆ. ಸ್ವೀಡಿಷ್‌ನಲ್ಲಿ "ಈಗ" ಎಂಬ ಅರ್ಥ ಬರುವುದರಿಂದ ಇಲ್ಲಿ ಜನಪ್ರಿಯವಾದ ಡಾಟ್ ಎನ್‌ಯು ಅಸಲಿಗೆ ಶಾಂತಸಾಗರದ ನಿಯುವೆ ದ್ವೀಪದ್ದು. 2013ರಿಂದ ಅದನ್ನೂ ಇವರೇ ನೋಡಿಕೊಳ್ಳುತ್ತಿದ್ದಾರೆ. ಇಲ್ಲಿನ ಗಿರಾಕಿಗಳಿಗಷ್ಟೇ ಮಾರುವವರಿಗೆ ಡಾಟ್ ಎಸ್‌ಇ ಸಾಕೆಂಬುದು ನಮ್ಮ ಅಭಿಪ್ರಾಯ.

ಹೆಸರು ಕೊಳ್ಳುವಾಗ ಮೊದಲ ವರ್ಷದ ಅಗ್ಗದ ದರಕ್ಕೆ ಮರುಳಾಗದೆ ನವೀಕರಣ ದರ ಕೇಳಿ. ಡಾಟ್ ಕಾಮ್, ಡಾಟ್ ಆರ್ಗ್‌ಗಳನ್ನು ಹತ್ತು ವರ್ಷದವರೆಗೆ ಮುಂಗಡವಾಗಿ ಕಾಯ್ದಿರಿಸಬಹುದು. ದರ ಏರುವ ಸುದ್ದಿ ಬಂದೊಡನೆ ಹಳೆಯ ದರದಲ್ಲೇ ಕಟ್ಟಿಬಿಡಿ. ಅವಧಿ ಮುಗಿಯುವ ಮುನ್ನ ಎಚ್ಚರಿಕೆ ಬರುವುದು ಇಮೇಲ್‌ಗೆ. ರಿಜಿಸ್ಟ್ರಾರ್ ಬಳಿ ಇರುವ ವಿಳಾಸ ಊರು ಬದಲಿಸುವ ಮುಂಚಿನ ಹಳೆಯ ಕಂಪನಿಯದೋ ಎಂದು ಇವತ್ತೇ ನೋಡಿಕೊಳ್ಳಿ.