ತುಪ್ಪದಿಟ್ಟಿನ ತುಪ್ಪ

ಡಿಸೆಂಬರ್ ಕಳೆದು ಜನವರಿ ಕಾಲಿಡುವ ಹೊತ್ತಿಗೆ ನೀಲಗಿರಿಯ ಹುಲ್ಲಿನ ಮೇಲೆ ಬೆಳಗಿನ ಹಿಮ ಬಿಳಿಯಾಗಿ ಹೆಪ್ಪುಗಟ್ಟಿರುತ್ತದೆ. ಹೆತ್ತೆ ಹಬ್ಬದ ಕಾಲವದು. ಬಿಳಿಯ ಉಡುಗೆಯುಟ್ಟ ಬಡಗರು ಕೋತಗಿರಿ ಬಳಿಯ ಬೇರಗಣಿಗೆ ತಂಡತಂಡವಾಗಿ ಹೊರಡುತ್ತಾರೆ. ಅವರ ಹಟ್ಟಿಗಳಲ್ಲಿ ಬಾಣಲೆಗಳು ಒಲೆಯೇರುತ್ತವೆ. ಹಬ್ಬವಿರಲಿ, ಮದುವೆಯಿರಲಿ, ಬಡಗರ ಮನೆಯಲ್ಲಿ ಕರಿದ ತಿಂಡಿಯೆಂದರೆ ಮೊದಲು ನೆನಪಾಗುವುದು ತುಪ್ಪದಿಟ್ಟು.

ಈ ಹೆಸರನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತುಪ್ಪದ ಹಿಟ್ಟು ಎಂಬುದೇ ಬಾಯಲ್ಲಿ ಸವೆದು ತುಪ್ಪದಿಟ್ಟಾಗಿದೆ. ಮೈಸೂರು ಸೀಮೆಯ ಹಳ್ಳಿಗರು ರಾಗಿಮುದ್ದೆಯನ್ನು ಹಿಟ್ಟು ಎನ್ನುವಂತೆ ಬಡಗರಲ್ಲಿಯೂ ಹಿಟ್ಟೆಂದರೆ ಬರಿಯ ಪುಡಿಯಲ್ಲ, ಬೇಯಿಸಿದ ಆಹಾರ. ಬಡಗು ದಿಕ್ಕಿನಿಂದ ಬಂದವರಾದ್ದರಿಂದ ಬಡಗರೆಂದು ಹೆಸರಾದ ಈ ಜನ ನಮ್ಮ ಮಾತಿನ ಎಷ್ಟೋ ಪದಗಳನ್ನು ಬೆಟ್ಟದ ಮೇಲೆ ಜೋಪಾನವಾಗಿಟ್ಟುಕೊಂಡಿದ್ದಾರೆ.

ಕೂನೂರಿನ ಸಮೀಪದ ಹುಬ್ಬತಲೈಯಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ತುಪ್ಪದಿಟ್ಟು ಮಾಡುವುದನ್ನು ನಾವು ಕುಳಿತು ನೋಡಿದೆವು. ಮನೆಯ ಹಿರಿಯಾಕೆಯನ್ನು ಎಲ್ಲರೂ ಹೆತ್ತೆ ಎಂದೇ ಕರೆಯುತ್ತಾರೆ. ಬಡಗರಲ್ಲಿ ಅಜ್ಜಿಗೂ ಅದೇ ಹೆಸರು, ಕುಲದೇವಿಗೂ ಅದೇ. ನಾವೂ ಹಾಗೆಯೇ ಕರೆದೆವು.

ಹೆತ್ತೆಯವರ ಅಳತೆ ಹೀಗೆ: ನಾಲ್ಕು ಲೋಟ ಮೈದಾಹಿಟ್ಟಿಗೆ ಅರ್ಧ ಲೋಟ ಸಣ್ಣ ರವೆ, ಒಂದೂಕಾಲು ಲೋಟ ಸಕ್ಕರೆ, ಚಿಟಿಕೆ ಉಪ್ಪು, ಐದಾರು ಏಲಕ್ಕಿಯ ಪುಡಿ. ಸಕ್ಕರೆಯನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಆ ನೀರಿನಿಂದಲೇ ಹಿಟ್ಟು ಕಲಸಬೇಕು. ಸಕ್ಕರೆ ಹರಳಾಗಿ ಉಳಿದರೆ ಬಾಣಲೆಯಲ್ಲಿ ಕರಗಿ ಕಪ್ಪು ಚುಕ್ಕೆಯಾಗುತ್ತದೆ. ಹಿಟ್ಟು ಚಪಾತಿಯ ಹದಕ್ಕಿಂತ ಮೆತ್ತಗಿರಬೇಕು, ಆದರೆ ಕೈಗೆ ಅಂಟಬಾರದು. ಒದ್ದೆ ಬಟ್ಟೆ ಮುಚ್ಚಿ ಎರಡು ಗಂಟೆ ಬಿಡುತ್ತಾರೆ. ಚಳಿ ಹೆಚ್ಚಾಗಿದ್ದರೆ ಒಲೆಯ ಪಕ್ಕದಲ್ಲಿ ಮೂರು ಗಂಟೆ. ಆಮೇಲೆ ನಿಂಬೆ ಗಾತ್ರದ ಉಂಡೆ ಮಾಡಿ, ಜಿಡ್ಡು ಸವರಿದ ಬಾಳೆಲೆಯ ಮೇಲೆ ಬೆರಳುಗಳಿಂದ ತಟ್ಟುತ್ತಾರೆ. ಲಟ್ಟಣಿಗೆ ಮುಟ್ಟುವುದಿಲ್ಲ. ಪೂರಿಗಿಂತ ದಪ್ಪ, ಅಂಚು ನಡುವಿಗಿಂತ ತೆಳ್ಳಗೆ. (ಆ ಬಾಳೆಲೆಯೂ ಬೆಟ್ಟದ್ದಲ್ಲ, ಕೆಳಗಿನ ಬಯಲಿನಿಂದ ಬಂದದ್ದು.)

ಉರಿಯ ವಿಷಯದಲ್ಲಿ ಹೆತ್ತೆಯವರದು ಬಹಳ ಬಿಗಿ. ಬೆಂಕಿ ಜೋರಾದರೆ ಮೇಲೆ ಕೆಂಪಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆಂದು ಸೊಸೆಯನ್ನು ಎರಡು ಸಲ ಎಚ್ಚರಿಸಿದರು. ಕೂನೂರು ಸಮುದ್ರಮಟ್ಟದಿಂದ ಸುಮಾರು 1850 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಕುದಿಯುವುದು ಸುಮಾರು 94 ಡಿಗ್ರಿಗೆ. ಹಿಟ್ಟಿನೊಳಗಿನ ತೇವ ಅಷ್ಟು ಬೇಗ ಆವಿಯಾಗುವುದರಿಂದ ಒಳಭಾಗ ನಿಧಾನವಾಗಿ ಬೇಯುತ್ತದೆ. ಬಯಲುಸೀಮೆಯ ನಮ್ಮ ಸೋದರಿಯರು ಉರಿಯನ್ನು ತುಸು ಹೆಚ್ಚಿಸಿಕೊಳ್ಳಬಹುದು.

ಬಾಣಲೆಯಲ್ಲಿದ್ದುದು ಮಾತ್ರ ತುಪ್ಪವಲ್ಲ, ಅಂಗಡಿಯ ಎಣ್ಣೆ. ತುಪ್ಪವೆಲ್ಲಿ ಎಂದು ಕೇಳಿದೆವು. ಹೆತ್ತೆಯವರು ಮನೆಯ ಒಳಭಾಗದತ್ತ ಕೈ ತೋರಿಸಿದರು. ಹಳೆಯ ಬಡಗರ ಮನೆಗಳಲ್ಲಿ ಹಾಗೊಟ್ಟು ಎಂಬ ಹಾಲಿನ ಕೋಣೆ ಇರುತ್ತಿತ್ತು. ಎಮ್ಮೆ ಕರೆಯುವುದೂ ಆ ಕೋಣೆಗೆ ಹೋಗುವುದೂ ಗಂಡಸರಿಗೆ ಮೀಸಲು. ಹೆಂಗಸರು ಒಳಗೆ ಕಾಲಿಡುವಂತಿರಲಿಲ್ಲ. ತಾವು ಮದುವೆಯಾಗಿ ಬಂದಾಗ ಮನೆಯಲ್ಲಿ ಒಂಬತ್ತು ಎಮ್ಮೆಗಳಿದ್ದುವೆಂದೂ, ಆ ಕೋಣೆಯನ್ನು ತಾವು ಮೊದಲ ಸಲ ಒಳಹೊಕ್ಕು ನೋಡಿದ್ದು ಎಮ್ಮೆಗಳನ್ನೆಲ್ಲ ಮಾರಿದ ಮೇಲೆಂದೂ ಅವರು ಹೇಳಿದರು. ಈಗ ಅಲ್ಲಿ ಮೊಮ್ಮಕ್ಕಳ ಪುಸ್ತಕಗಳಿವೆ.

ಇದಕ್ಕೆ ಯಾರನ್ನೂ ದೂರುವಂತಿಲ್ಲ. ಎಮ್ಮೆ ಮೇಯುತ್ತಿದ್ದ ಹುಲ್ಲುಗಾವಲಿಗೂ ರಾಗಿ, ಸಾಮೆ, ಗೋಧಿ ಬೆಳೆಯುತ್ತಿದ್ದ ಹೊಲಕ್ಕೂ ಮೊದಲು ಆಲೂಗಡ್ಡೆ, ಆಮೇಲೆ ಚಹಾ ಬಂದುವು. ಹುಬ್ಬತಲೈಯವರೇ ಆದ ರಾವ್ ಬಹದ್ದೂರ್ ಆರಿ ಗೌಡರು 1935ರಲ್ಲಿ ನೀಲಗಿರಿ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದ್ದು ರೈತನ ಬೆಳೆಗೆ ನ್ಯಾಯವಾದ ಬೆಲೆ ಸಿಗಲೆಂದು. ಕೈಗೆ ಹಣ ಬಂದಿತು, ಮಕ್ಕಳು ಓದಿದರು. ಅದರೊಡನೆ ಮೈದಾ, ಸಕ್ಕರೆ, ಎಣ್ಣೆ ಎಲ್ಲವೂ ಅಂಗಡಿಯಿಂದ ಬರುವಂತಾಯಿತು. 1990ರ ದಶಕದ ಕೊನೆಯಲ್ಲಿ ಚಹಾ ಎಲೆಯ ಬೆಲೆ ಕುಸಿದಾಗ ಹಿಂದಿರುಗಿ ಕಟ್ಟಿಕೊಳ್ಳಲು ಹಟ್ಟಿಗಳಲ್ಲಿ ಎಮ್ಮೆಗಳಿರಲಿಲ್ಲ.

ದೂರದ ಪೋಲೆಂಡಿನಲ್ಲಿಯೂ ಇಂಥದೇ ಚಳಿಗಾಲದ ಕೊನೆಯಲ್ಲಿ ಮನೆಮನೆಯ ಬಾಣಲೆ ಒಲೆಯೇರುತ್ತದೆ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸಕ್ಕೆ ಮೊದಲು, ಜಿಡ್ಡಿನ ಗುರುವಾರವೆಂದು ಅವರು ಕರೆಯುವ ದಿನ, ಪೊಂಚ್ಕಿ ಎಂಬ ಹೂರಣದುಂಡೆಗಳನ್ನೂ ಫಾವೊರ್ಕಿ ಎಂಬ ಗರಿಗರಿ ಎಳೆಗಳನ್ನೂ ಕರಿಯುತ್ತಾರೆ. ಫಾವೊರ್ಕಿಯ ಹಿಟ್ಟಿಗೆ ಒಂದು ಚಮಚ ಮದ್ಯಸಾರ ಸೇರಿಸುವುದುಂಟು; ಅದು ಬಿಸಿಗೆ ಬೇಗ ಆವಿಯಾಗುವುದರಿಂದ ತಿಂಡಿ ಜಿಡ್ಡು ಕುಡಿಯುವುದು ಕಡಿಮೆ. ಉಪವಾಸದಲ್ಲಿ ಕೊಬ್ಬು ನಿಷಿದ್ಧವಾಗಿದ್ದುದರಿಂದ ಮನೆಯಲ್ಲಿದ್ದುದನ್ನೆಲ್ಲ ಮೊದಲೇ ಮುಗಿಸಿಬಿಡುವ ಉಪಾಯವದು. ಅಲ್ಲಿ ಜಿಡ್ಡು ಖರ್ಚಾಗಲೆಂದು ಕರಿದರು. ಬೆಟ್ಟದ ಮೇಲೆ ದಿನನಿತ್ಯ ಮಿತವಾಗಿ ಬಳಸಿ ಉಳಿಸಿದ ತುಪ್ಪವನ್ನು ಹಬ್ಬದ ದಿನ ಧಾರಾಳವಾಗಿ ಸುರಿದರು.

ಹೆತ್ತೆಯವರು ಮೊದಲ ಬಾಣಲೆಯ ಎಣ್ಣೆಗೆ ಎರಡು ಚಮಚ ತುಪ್ಪ ಬೆರೆಸುವುದನ್ನು ನಾವು ಗಮನಿಸಿದೆವು. ಅದರಿಂದ ರುಚಿ ಬರುವುದೇ ಎಂದು ಕೇಳಿದಾಗ ಇಲ್ಲವೆಂದರು. ಮೊದಲು ಬೆಂದುದನ್ನು ದೀಪದ ಮುಂದಿಟ್ಟು, ಎರಡನೆಯದನ್ನು ನಮ್ಮ ತಟ್ಟೆಗೆ ಹಾಕಿದರು.